ಶಾಮುಕ್‌ಖಾಲಿಯ ಅಖಂಡ ಕವಿತೆ

ಊರಿಗೊಂದು ಮೋಟಾರು ದೋಣಿ ಬೇಕು, ಅದಕ್ಕಾಗಿ ಇಪ್ಪತ್ನಾಲ್ಕು ಗಂಟೆ ಬಿಡದೆ ಪದ್ಯ ಓದೋಣ ಎಂದು ಹೊಳೆದದ್ದು ಅಂಗನವಾಡಿಯ ತರುಲತಾಳಿಗೆ. ಹೊಳೆದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ, ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟಳು. ಸುಂದರಬನದ ಆ ದ್ವೀಪದಲ್ಲಿ ಒಲೆ ಹೊತ್ತದ ಮನೆ ಸಿಕ್ಕೀತು, ನಾಲ್ಕು ಪದ್ಯ ಬಾಯಿಪಾಠ ಬಾರದ ಮನೆ ಸಿಗುವುದು ಕಷ್ಟ. ಹಾಗಾಗಿ ಓದುವವರಿಗೆ ಬರವಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹುಡುಗಿಯೊಬ್ಬಳು ಆಚೆ ದಡದ ಆಸ್ಪತ್ರೆಗೆ ಹೋಗಲು ದೋಣಿ ಕಾಯುತ್ತ ನದಿಯ ಏರಿಯ ಮೇಲೆಯೇ ಕಣ್ಣು ಮುಚ್ಚಿದ್ದಳು. ಕೊನೆಯವರೆಗೂ ಅವಳ ಕೈ ಹಿಡಿದು ಕೂತಿದ್ದವಳು ತರುಲತಾ. ಆದ್ದರಿಂದ ಅವಳ ಮಾತಿಗೆ ಯಾರೂ ನಗಲಿಲ್ಲ. ಕ್ಯಾನಿಂಗ್ ಪೇಟೆಯಲ್ಲಿ ಅಂಗಡಿ ಇಟ್ಟು ಮೇಲೆ ಬಂದಿದ್ದ ಇದೇ ಊರಿನ ಸಾಹಾಬಾಬು, ‘ನಡುವೆ ಎಲ್ಲೂ ನಿಲ್ಲದೆ ಪೂರ್ತಿ ಓದಿದರೆ ಎಂಜಿನ್ ನನ್ನದು’ ಎಂದು ಹೇಳಿ ಕಳಿಸಿದ. ಉಳ್ಳವರಿಗೆ ಇಂಥ ಷರತ್ತುಗಳು ಎಲ್ಲಿಂದ ಹೊಳೆಯುತ್ತವೋ! ಹಲಗೆ, ಮೊಳೆ, ಬಡಗಿಯ ಕೂಲಿಗೆ ಕೇಳಲು ಬಂದವರು ಕೊಟ್ಟಷ್ಟು ಎಂದಾಯಿತು.

ಆ ‘ನಿಲ್ಲದೆ’ ಎನ್ನುವ ಮಾತೇ ಎಡವಟ್ಟಾಯಿತು. ನಿಲ್ಲದೆ ನಡೆಯುವ ಸಂಗತಿ ಶಾಮುಕ್‌ಖಾಲಿಗೆ ಗೊತ್ತಿದ್ದದ್ದು ಒಂದೇ, ಚೈತ್ರದ ಅಖಂಡ ನಾಮಕೀರ್ತನೆ. ಎಂಟೂ ಜಾವ ನಾಮ ಕಡಿಯಬಾರದು. ಒಬ್ಬ ಹಾಡುತ್ತಿರುವಾಗಲೇ ಇನ್ನೊಬ್ಬ ಪಕ್ಕಕ್ಕೆ ಬಂದು ದನಿ ಸೇರಿಸಬೇಕು, ಆಮೇಲೆ ಮೊದಲಿನವನು ಬಿಡಬೇಕು. ತುಂಬಿದ ಕೊಡವನ್ನು ನೆಲಕ್ಕಿಡದೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸಿದ ಹಾಗೆ. ಯಾರ ಬಾಯಲ್ಲಿ ಕಡಿಯಿತೋ ಅವರ ಮನೆಗೆ ಕೇಡು. ಪದ್ಯಕ್ಕೂ ಅದೇ ಕಟ್ಟಳೆ ಎಂದು ಯಾರೂ ಹೇಳಲಿಲ್ಲ, ಆದರೆ ಓದುವವರ ಪಟ್ಟಿ ಮುಗಿಯುವಷ್ಟರಲ್ಲಿ ಊರಿಗೆ ಊರೇ ಹಾಗೆಂದು ತಿಳಿದುಕೊಂಡಿತ್ತು.

“ಬೌಮಾ, ಕೀರ್ತನೆ ಆದ್ರೇನು, ಪದ್ಯ ಆದ್ರೇನು, ಅಖಂಡ ಅಂದ್ಮೇಲೆ ಅಖಂಡಾನೇ,” ಎಂದಳು ಅತ್ತೆ ಖ್ಯಾಂತಮಣಿ, ಸೊಸೆಯ ಮುಂದೆ ಮಂಡಕ್ಕಿಯ ಬಟ್ಟಲು ಕುಕ್ಕುತ್ತ. “ಪೊರೇಶನ ಬಾಯಲ್ಲಿ ಕಡೀತು. ಅವನ ಮನೆ ಏನಾಯ್ತು, ಹೇಳು?”

“ಪೊರೇಶ್ ಕಾಕಾಗೆ ಕೆಮ್ಮು ಬಂತು, ಕೀರ್ತನೆ ನಿಲ್ತು. ಮಳೆಗಾಲದಲ್ಲಿ ನದಿ ಮನೆ ನುಂಗ್ತು. ಆ ವರ್ಷ ನದಿ ಹದಿನೇಳು ಮನೆ ನುಂಗಿದೆ, ಮಾ. ಮಿಕ್ಕ ಹದಿನಾರು ಮನೆಯವರಿಗೂ ಕೆಮ್ಮು ಬಂದಿತ್ತಾ?”

“ಓದಿದ ಬಾಯಲ್ವಾ, ಎಲ್ಲದಕ್ಕೂ ಲೆಕ್ಕ ಇದೆ. ಗಂಡ ಕಾಡಲ್ಲಿರುವಾಗ ಇಂಥ ಮಾತಾಡ್ತೀಯಲ್ಲ, ನಾಲಗೆ ಹೇಗೆ ಹೊರಳುತ್ತೆ ನಿಂಗೆ!”

ತರುಲತಾಳ ಗಂಡ ನಿತಾಯಿ ಕಾಡಿನಲ್ಲಿದ್ದದ್ದು ನಿಜ. ಕುಂಟುಗಾಲಿನ ಹಾರಾಧನ್ ಕಾಕಾ, ನೆರೆಮನೆಯ ಗೋಷ್ಠ, ನಿತಾಯಿ, ಮೂವರೂ ಒಂದೇ ದೋಣಿಯಲ್ಲಿ ಏಡಿ ಹಿಡಿಯಲು ಹೋಗಿದ್ದರು. ಏಳು ದಿನದಲ್ಲಿ ಬರುತ್ತೇವೆ ಎಂದಿದ್ದರು. ಓದು ಶುರುವಾಗುವ ಹೊತ್ತಿಗೆ ಎಂಟು ದಿನ ಕಳೆದಿತ್ತು. ಹುಲಿಯ ಹೆಸರನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ‘ಮಾಮ’ ಎನ್ನುತ್ತಾರೆ. ಓದು ನಡೆದ ಎರಡು ದಿನಗಳಲ್ಲಿ ಊರಿನಲ್ಲಿ ‘ಮಾಮ’ ಎಂಬ ಮಾತೂ ಕೇಳಿಬರಲಿಲ್ಲ.

ಗಂಡ ಕಾಡಿಗೆ ಹೋದರೆ ಹೆಂಡತಿ ತಲೆಗೆ ಎಣ್ಣೆ ಹಾಕುವಂತಿಲ್ಲ, ಬಾಚುವಂತಿಲ್ಲ, ಒಣಮೆಣಸು ಹುರಿಯುವಂತಿಲ್ಲ. ಅತ್ತೆಯ ಬಾಯಿ ಮುಚ್ಚಿಸಲು ಇದನ್ನೆಲ್ಲ ಮಾಡುತ್ತೇನೆ ಎಂದು ತರುಲತಾ ಹೇಳಿಕೊಳ್ಳುತ್ತಿದ್ದಳು. ಹಾಗಿದ್ದರೆ ಅತ್ತೆ ಇಲ್ಲದ ಹೊತ್ತಿನಲ್ಲಿ, ಅಂಗನವಾಡಿಯಲ್ಲಿ ಒಬ್ಬಳೇ ಇರುವಾಗ, ಬಾಚಣಿಗೆಗೆ ಕೈ ಹಾಕಿ ಯಾಕೆ ಹಿಂದೆಗೆದಳು? ಹೆದರಿಕೆ ಎಂಬುದು ಶಾಲೆಗೆ ಹೋಗಿರುವುದಿಲ್ಲ.

ಗೋಷ್ಠನ ಹೆಂಡತಿ ಸರಮಾಳ ತಲೆಯೂ ಹಾಗೇ ಕೆದರಿತ್ತು. ಮದುವೆಯಾಗಿ ಎರಡು ವರ್ಷ, ಇಪ್ಪತ್ತು ತುಂಬಿಲ್ಲ, ಅಕ್ಷರ ಬಾರದು. ಆದರೂ ತಾನೂ ಓದಬೇಕೆಂದು ಹಟ ಹಿಡಿದಿದ್ದಳು. ತರುಲತಾ ಅವಳಿಗೆ ಅಂಗನವಾಡಿ ಮಕ್ಕಳ ಬಾತುಕೋಳಿಯ ಪದ್ಯ, ಎಂಟೇ ಸಾಲು, ಬಾಯಿಪಾಠ ಮಾಡಿಸಿದ್ದಳು.

“ದಿದಿ, ಮೈಕ್ ಮುಂದೆ ನಿಂತ ತಕ್ಷಣ ಮರೆತುಹೋದ್ರೆ?”

“ಮರೆತ್ರೆ ಕ್ವಾಕ್ ಕ್ವಾಕ್ ಅನ್ನು. ಪದ್ಯ ಬಾತುಕೋಳೀದೇ ತಾನೇ, ಯಾರಿಗೂ ಗೊತ್ತಾಗಲ್ಲ.”

ಸರಮಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಒಂಬತ್ತು ದಿನಗಳಲ್ಲಿ ಇಬ್ಬರೂ ನಕ್ಕದ್ದು ಅದೊಂದೇ ಸಲ.

ಪಟ್ಟಿಯಲ್ಲಿ ಮೊದಲು ಮೋಕ್ಷದಾಳ ಹೆಸರೂ ಇತ್ತು. ಆರು ವರ್ಷದ ಹಿಂದೆ ಅವಳ ಗಂಡನನ್ನು ಮಾಮ ಎಳೆದೊಯ್ದಿದ್ದ. ಆ ದಿನ ಅವಳು ತಲೆ ಬಾಚಿದ್ದನ್ನು ಯಾರೋ ನೋಡಿದ್ದರಂತೆ. ಅಂದಿನಿಂದ ಅವಳಿಗೆ ‘ಗಂಡನನ್ನು ತಿಂದವಳು’ ಎಂದೇ ಹೆಸರು. ಮದುವೆ, ಮುಂಜಿ, ಅನ್ನಪ್ರಾಶನಕ್ಕೆ ಕರೆಯುವುದಿಲ್ಲ, ಬಾವಿಯ ಬಳಿ ಹೆಂಗಸರು ಸರಿದು ನಿಲ್ಲುತ್ತಾರೆ. ಅವಳು ಓದಿದರೆ ನಾವು ಬರುವುದಿಲ್ಲ ಎಂದು ಕೆಲವರು ಮೂಗು ಮುರಿದಾಗ ತರುಲತಾ ಜಗಳವಾಡಲಿಲ್ಲ. ದೋಣಿಯ ಕೆಲಸ ಕೆಡಬಾರದೆಂದು ಪೆನ್ನು ತೆಗೆದುಕೊಂಡು ತಾನೇ ಆ ಹೆಸರು ಹೊಡೆದುಹಾಕಿದಳು. ಅದನ್ನು ನೆನೆದರೆ ಅವಳಿಗೆ ಈಗಲೂ ಮೈಯೆಲ್ಲ ಮುಳ್ಳೇಳುತ್ತದೆ.

ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ಅನಿಮೇಶ್ ಮಾಸ್ಟರು ಮೊದಲ ಪದ್ಯ ಹೇಳಿದರು. ಕ್ಲಬ್ಬಿನ ಅಂಗಳದಲ್ಲಿ ಬಿದಿರಿನ ಚಪ್ಪರ, ಎರಡು ಮೆಟ್ಟಿಲೆತ್ತರದ ಹಲಗೆಯ ವೇದಿಕೆ. ಕೇಳುವವರ ಬೆನ್ನು ನದಿಯ ಏರಿಗೆ, ಓದುವವರ ಮುಖ ಏರಿಗೆ. ಮೀನಿನ ಬಲೆ ಹೊಲಿಯುವವರು, ಶಾಲೆಯ ಮಕ್ಕಳು, ಔಷಧದಂಗಡಿಯವನು, ಹಲ್ಲಿಲ್ಲದ ಅಜ್ಜಿಯರು, ಎಲ್ಲರೂ ಸರದಿಯ ಮೇಲೆ ಬಂದು ಓದಿದರು. ಒಬ್ಬನಂತೂ ಮೈಕು ಬಿಡಲೊಲ್ಲದೆ ತಾನೇ ಬರೆದ ಹನ್ನೊಂದು ಪದ್ಯ ಓದಿದ, ಕೊನೆಗೆ ಅವನ ಅಣ್ಣನೇ ಬಂದು ಅಂಗಿ ಹಿಡಿದು ಎಳೆಯಬೇಕಾಯಿತು. ರಾತ್ರಿ ಹಾಗೂ ಹೀಗೂ ಕಳೆಯಿತು. ಬೆಳಿಗ್ಗೆ ಖಿಚುಡಿ ಬೆಂದಿತು. ಪದ್ಯದ ಎಳೆ ಎಲ್ಲೂ ಕಡಿಯಲಿಲ್ಲ. ಸಾಹಾಬಾಬು ಕಳಿಸಿದ್ದ ಗುಮಾಸ್ತ ಗಡಿಯಾರ ನೋಡುತ್ತ ಕೂತೇ ಇದ್ದ. ಕಾಡಿಗೆ ಹೋದ ದೋಣಿಯೂ ಬರಲಿಲ್ಲ.

ಮರುದಿನ ಮೂರೂ ಇಪ್ಪತ್ತಕ್ಕೆ ತರುಲತಾಳ ಸರದಿ ಬಂತು. ಶಾಲೆಯಲ್ಲಿ ಕಲಿತಿದ್ದ, ನೆರೆಯ ಮೇಲಿನ ಉದ್ದನೆಯ ಪದ್ಯ ಅವಳದು. ಅವಳ ನಂತರ ಸರಮಾ, ಆಮೇಲೆ ಮಕ್ಕಳೆಲ್ಲ ಒಟ್ಟಾಗಿ ಓದಿದರೆ ನಾಲ್ಕಾಯಿತು. ಇನ್ನು ನಲವತ್ತೇ ನಿಮಿಷ, ಎಂಜಿನ್ ನಮ್ಮದು ಎಂದು ಮಾಸ್ಟರು ಆಗಲೇ ಹಲ್ಲು ಬಿಡುತ್ತಿದ್ದರು.

ಎರಡನೆಯ ನುಡಿ ಹೇಳುತ್ತಿದ್ದಾಗ ತರುಲತಾ ತಲೆ ಎತ್ತಿದಳು. ಏರಿಯ ಮೇಲೆ ಜನ ಬರುತ್ತಿದ್ದರು. ಇಬ್ಬರು.

ಬಿಸಿಲು ಅವರ ಹಿಂದಿನಿಂದ ಬೀಳುತ್ತಿತ್ತು. ಒಬ್ಬ ಕುಂಟುತ್ತಿದ್ದ. ಅವನು ಹಾರಾಧನ್ ಕಾಕಾ, ಅನುಮಾನವಿಲ್ಲ. ಇನ್ನೊಬ್ಬನ ತಲೆ ಮುಖಕ್ಕೆಲ್ಲ ಗಮ್ಛಾ, ಹೆಗಲ ಮೇಲೆ ಹಾಕುವ ವಸ್ತ್ರ, ಸುತ್ತಿತ್ತು. ಹೆಗಲ ಮೇಲೆ ಎರಡು ಬುತ್ತಿಗಂಟು. ಏಡಿಯ ಬುಟ್ಟಿ ಇಲ್ಲ. ಅವರ ಹಿಂದೆ ಏರಿ ಖಾಲಿಯಾಗಿತ್ತು. ಅವಳು ನೋಡಿದಳು, ಮತ್ತೆ ನೋಡಿದಳು, ಮೂರನೆಯವನು ಮೂಡಲಿಲ್ಲ.

ನಿತಾಯಿಗೂ ಗೋಷ್ಠನಿಗೂ ಒಂದೇ ಎತ್ತರ, ಒಂದೇ ಮೈಕಟ್ಟು. ಇಬ್ಬರ ಗಮ್ಛಾವೂ ಕೆಂಪು, ಒಂದೇ ಸಂತೆಯಲ್ಲಿ ಕೊಂಡದ್ದು. ತರುಲತಾಳ ಬಾಯಿ ಪದ್ಯ ಹೇಳುತ್ತಲೇ ಇತ್ತು, ಅದು ತನ್ನ ಬಾಯಿ ಎಂದು ಅವಳಿಗೆ ಅನ್ನಿಸಲಿಲ್ಲ. ನಿಲ್ಲಿಸಬಾರದು, ನಿಲ್ಲಿಸಿದರೆ ಅವನು ನಿತಾಯಿ ಆಗಿರುವುದಿಲ್ಲ. ಹದಿನೇಳು ಮನೆಯ ಲೆಕ್ಕ ಹೇಳಿದ್ದ ಹೆಂಗಸೇ ಈಗ ಒಂದೊಂದು ಅಕ್ಷರವನ್ನೂ ಹಲ್ಲು ಕಚ್ಚಿ ಹಿಡಿದಿದ್ದಳು. ದೇವರೇ, ಅವನಾಗಿರಲಿ. ಹೋದವನು ಇನ್ನೊಬ್ಬನಾಗಲಿ, ಅವನು ಮಾತ್ರ ಬಂದಿರಲಿ.

ಆತ ಚಪ್ಪರದ ಹೊರಗೆ ನಿಂತು ಗಮ್ಛಾ ಬಿಚ್ಚಿದ. ನಿತಾಯಿ.

ಸಂತೋಷ ತಡೆಯಲಾರದೆ ಅವಳು ಮೈಕಿನ ಕಂಬ ಹಿಡಿದುಕೊಂಡಳು. ಆ ಸಂತೋಷ ಒಂದು ಸಾಲಿನಷ್ಟು ಉದ್ದವಿತ್ತು, ಅಷ್ಟೇ. ಮುಂದಿನ ಸಾಲಿಗೆ ಅವಳ ಕಣ್ಣು ಎದುರಿಗೆ ಚಾಪೆಯ ಮೇಲೆ ಕೂತಿದ್ದ ಸರಮಾಳ ಕೆದರಿದ ತಲೆಯ ಮೇಲೆ ಬಿತ್ತು. ತುಟಿ ಅಲ್ಲಾಡಿಸುತ್ತ ಅವಳು ತನ್ನ ಎಂಟು ಸಾಲು ಒಪ್ಪಿಸಿಕೊಳ್ಳುತ್ತಿದ್ದಳು. ಹೋದವನು ಇನ್ನೊಬ್ಬನಾಗಲಿ ಎಂದು ತಾನು ಕೇಳಿಕೊಂಡದ್ದು ಈ ಹುಡುಗಿಯ ಗಂಡನ ಸಾವನ್ನು.

ನಿತಾಯಿ ಒಳಗೆ ಬರಲಿಲ್ಲ. ಹಾರಾಧನನೂ ಬರಲಿಲ್ಲ. ಅಖಂಡ ನಡೆಯುವಾಗ ಕೆಟ್ಟ ಸುದ್ದಿ ಒಳಗೆ ತರುವಂತಿಲ್ಲ. ಇಬ್ಬರೂ ನೆಲ ನೋಡುತ್ತ ನಿಂತರು. ಹಿಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದವಳು ತಿರುಗಿದಳು. ಪಿಸುಮಾತು ಒಂದೊಂದೇ ಸಾಲು ಮುಂದಕ್ಕೆ ಬರತೊಡಗಿತು.

ಸರಮಾ ಎದ್ದಳು. ಅಂಗೈ ಬೆವರು ಸೀರೆಗೆ ಒರೆಸಿಕೊಂಡು ವೇದಿಕೆಯತ್ತ ಬಂದಳು. ಏರಿ ಅವಳ ಬೆನ್ನಿಗಿತ್ತು. ಮೆಟ್ಟಿಲು ಹತ್ತಿ, ಮೈಕಿನ ಪಕ್ಕ ಬಂದು, ತಿರುಗಿ ನಿಂತು, ದನಿ ಸೇರಿಸಬೇಕು. ತಿರುಗಿದರೆ ನೋಡುತ್ತಾಳೆ. ನೋಡಿದರೆ ಎಣಿಸುತ್ತಾಳೆ. ಚೀರುತ್ತಾಳೆ. ಎಳೆ ಅವಳ ಬಾಯಲ್ಲಿ ಕಡಿಯುತ್ತದೆ.

ಆಮೇಲೆ ಏನಾಗುತ್ತದೆ ಎಂಬುದು ತರುಲತಾಳಿಗೆ ಅಂಗೈಯಲ್ಲಿ ಬರೆದಷ್ಟು ಸ್ಪಷ್ಟವಾಗಿತ್ತು. ಗೋಷ್ಠ ಸತ್ತದ್ದು ಯಾವಾಗ, ಎಳೆ ಕಡಿದದ್ದು ಯಾವಾಗ ಎಂದು ಯಾರೂ ಪಂಚಾಂಗ ನೋಡಿ ತಾಳೆ ಹಾಕುವುದಿಲ್ಲ. ಅಖಂಡ ಮುರಿದಳು, ಗಂಡನನ್ನು ತಿಂದಳು ಎನ್ನುತ್ತಾರೆ. ಬಾವಿಯ ಬಳಿ ಸರಿದು ನಿಲ್ಲುತ್ತಾರೆ. ಐವತ್ತು ವರ್ಷ.

ಕಡಿಯುವುದಾದರೆ ಈಗಲೇ ಕಡಿಯಬೇಕು, ಅವಳು ಬಾಯಿ ತೆರೆಯುವ ಮೊದಲು. ಆದರೆ ಅಲ್ಲಿ ಬಿಸಿಲಲ್ಲಿ ನಿತಾಯಿ ನಿಂತಿದ್ದ, ಜೀವಂತ, ಕಾಲಿಗೆ ಕೆಸರು ಮೆತ್ತಿಕೊಂಡು. ಯಾರ ಬಾಯಲ್ಲಿ ಕಡಿಯುತ್ತದೋ ಅವರ ಮನೆಗೆ. ಇದೆಲ್ಲ ಸುಳ್ಳು, ಸುಳ್ಳು ಎಂದು ತನಗೆ ತಾನೇ ಹೇಳಿಕೊಂಡಳು. ನಂಬಿಕೆ ಬರಲಿಲ್ಲ. ಅವಳಿಗೆ ಜೀವ ಹೋಗುವಷ್ಟು ಹೆದರಿಕೆಯಾಯಿತು.

ಸರಮಾ ಎರಡನೆಯ ಮೆಟ್ಟಿಲ ಮೇಲೆ ಕಾಲಿಟ್ಟಳು.

ತರುಲತಾ ಸಾಲಿನ ನಡುವೆ ಬಾಯಿ ಮುಚ್ಚಿದಳು.

ಮೈಕು ಗುಂಯ್‌ಗುಟ್ಟಿತು. ಗುಮಾಸ್ತ ಗಡಿಯಾರದಿಂದ ತಲೆ ಎತ್ತಿದ. “ಬೌಮಾ! ನಿಲ್ಲಿಸ್ಬೇಡ! ಹೇಳು, ಏನಾದ್ರೂ ಹೇಳು!” ಎಂದು ಖ್ಯಾಂತಮಣಿ ಕಿರುಚುತ್ತ ಎದ್ದಳು. ಮಾಸ್ಟರು ಎರಡೂ ಕೈ ಬೀಸುತ್ತ, “ತರು, ಸಾಲು ಮರೆತ್ಯಾ? ನಾನು ಹೇಳಿಕೊಡ್ತೀನಿ!” ಎಂದು ಓಡಿ ಬಂದರು. ಎಲ್ಲರಿಗಿಂತ ಮೊದಲು ಎಚ್ಚೆತ್ತವಳು ಸರಮಾ. ದಿದಿಯ ಮನೆ ಉಳಿಸಬೇಕೆಂದು ಧಡಕ್ಕನೆ ಬಾಯಿಯನ್ನು ಮೈಕಿನ ಹತ್ತಿರ ತಂದಳು, ಬಾತುಕೋಳಿಯ ಮೊದಲ ಅಕ್ಷರ ಇನ್ನೇನು ಹೊರಬರಬೇಕು.

ತರುಲತಾ ಅವಳ ಬಾಯಿಯ ಮೇಲೆ ಅಂಗೈ ಒತ್ತಿದಳು. ಇನ್ನೊಂದು ಕೈಯಿಂದ ಅವಳ ತಲೆಯನ್ನು ತನ್ನ ಹೆಗಲಿಗೆ ಅದುಮಿಕೊಂಡಳು.

“ದಿದಿ, ಬಿಡಿ! ಕಡೀತಾ ಇದೆ! ನಾನು ಹೇಳ್ತೀನಿ, ಬಿಡಿ ದಿದಿ!” ಅಂಗೈಯ ಅಡಿಯಿಂದಲೇ ಸರಮಾ ತೊದಲಿದಳು.

“ಹೇಳ್ಬೇಡ,” ಎಂದಳು ತರುಲತಾ. “ಕಡೀಲಿ.”

ಇಡೀ ಚಪ್ಪರ ಅವಳನ್ನೇ ನೋಡುತ್ತಿತ್ತು. ಖ್ಯಾಂತಮಣಿ ಏರಿಯ ಕಡೆ ತಿರುಗಿ ಮಗನನ್ನು ಕಂಡಳು. ಎದ್ದುಬಿದ್ದು ಓಡಿ ಅವನನ್ನು ತಬ್ಬಿಕೊಂಡಳು, ಅಲ್ಲಿಂದಲೇ ಸೊಸೆಯತ್ತ ಒಮ್ಮೆ ನೋಡಿ, ಮಗನ ಮುಖವನ್ನು ತನ್ನ ಸೆರಗಿನಿಂದ ಮರೆ ಮಾಡಿದಳು. ಆ ನೋಟ ತರುಲತಾಳ ಎದೆಗೆ ನೇರವಾಗಿ ತಾಕಿತು.

ಹೆಗಲ ಮೇಲಿದ್ದ ತಲೆ ಅಲುಗಾಡುವುದನ್ನು ನಿಲ್ಲಿಸಿತು. ಸರಮಾ ನಿಧಾನವಾಗಿ ಬಿಡಿಸಿಕೊಂಡು ತಿರುಗಿದಳು. ಹಾರಾಧನನನ್ನು ನೋಡಿದಳು. ನಿತಾಯಿಯನ್ನು ನೋಡಿದಳು. ಅವನ ಹೆಗಲ ಮೇಲಿದ್ದ ಎರಡು ಗಂಟುಗಳನ್ನು ನೋಡಿದಳು. ಖಾಲಿ ಏರಿಯನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ತರುಲತಾಳ ಮಣಿಕಟ್ಟು ಉಗುರು ನಾಟುವಂತೆ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಇನ್ನೂ ದುಃಖ ಬಂದಿರಲಿಲ್ಲ, ಬರೀ ಭಯವಿತ್ತು.

“ದಿದಿ, ನಾನು ಶುರು ಮಾಡಿರ್ಲಿಲ್ಲ ಅಲ್ವಾ?” ಎಂದಳು. “ನನ್ನ ಬಾಯಲ್ಲಿ ಕಡೀಲಿಲ್ಲ ಅಲ್ವಾ?”

ಏರಿಯ ಕೆಳಗೆ ತಾಯಿಯ ಸೆರಗಿನ ಮರೆಯಲ್ಲಿ ನಿತಾಯಿ ನಿಂತಿದ್ದ. ಅವನಿಗೂ ಕೇಳಿಸುತ್ತದೆ ಎಂದು ತರುಲತಾಳಿಗೆ ಗೊತ್ತಿತ್ತು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ಕೊನೆಯ ಸಾಲಿನವರೆಗೂ ಮುಟ್ಟುವಂತೆ ಹೇಳಿದಳು.

“ಇಲ್ಲ. ನನ್ನ ಬಾಯಲ್ಲಿ.”