ಕುಂಟ ದೇವರ ವಂಶಸ್ಥರು

ನನ್ನ ಅಳಿಯ ಫೈಡಿಮನ ಮನೆಯಲ್ಲಿ ಊಟಕ್ಕೆ ಕೂತವರಿಗೆ ಮೊದಲು ಬಡಿಸುವುದು ವಂಶಾವಳಿ. ಆದಿಯಲ್ಲಿ ಶೂನ್ಯ, ಆಮೇಲೆ ಭೂಮಿ, ಭೂಮಿಯಿಂದ ಆಕಾಶ, ಅವರಿಬ್ಬರ ಮಗ ಕ್ರೋನಸ್, ಅವನ ಮಗ ಜೀಯಸ್, ಜೀಯಸ್ಸಿಗೂ ಹೇರಾಳಿಗೂ ಹುಟ್ಟಿದ ಕಮ್ಮಾರ ದೇವರು ಹೆಫೆಸ್ಟಸ್, ಅವನ ಮೊಮ್ಮಗನ ಮೊಮ್ಮಗ ಯಾರೋ, ಕೊನೆಗೆ ಫೈಡಿಮ. ಅಷ್ಟರಲ್ಲಿ ಮೀನು ಆರಿಹೋಗಿರುತ್ತದೆ. ಮಗ ಅಪ್ಪನ ಗಂಡಸುತನವನ್ನೇ ಕುಡುಗೋಲಿನಿಂದ ಕತ್ತರಿಸಿದ, ಅಪ್ಪ ಹುಟ್ಟಿದ ಮಕ್ಕಳನ್ನೇ ನುಂಗಿದ, ಒಡಹುಟ್ಟಿದವಳನ್ನೇ ಕಟ್ಟಿಕೊಂಡ ಮನೆತನ ಅದು. ಅದನ್ನು ಹೇಳಿಕೊಂಡು ಇವನು ಎದೆ ಉಬ್ಬಿಸುತ್ತಾನೆ. ಅಥೆನ್ಸಿನಲ್ಲಿ ನಮ್ಮ ಓಣಿಯ ಕಡೆ ಇಂಥವರು ಹೆಣ್ಣು ಕೇಳಲು ಬಂದರೆ ಯಾರೂ ಬಾಗಿಲು ತೆಗೆಯುವುದಿಲ್ಲ. ನನ್ನ ಗಂಡ ತೆಗೆದ.

ಕಮ್ಮಾರ ದೇವರ ವಂಶವಂತೆ. ಫೈಡಿಮನಿಗೆ ಕಂಚಿನ ಕುಲುಮೆಯೇನೋ ಇದೆ, ಸುತ್ತಿಗೆ ಎತ್ತುವವರು ಮಾತ್ರ ಆಳುಗಳು.

ನನ್ನ ಮಗಳು ಲಿಸಿಲ್ಲಾಗೆ ಹೆಣ್ಣು ಹುಟ್ಟಿತು. ಹೆಣ್ಣು ಹುಟ್ಟಿದ ಗುರುತಿಗೆ ಬಾಗಿಲಿಗೆ ಉಣ್ಣೆ ಕಟ್ಟಿದೆವು. ಮಗುವಿನ ಎಡಪಾದ ಒಳಕ್ಕೆ ತಿರುಚಿಕೊಂಡಿತ್ತು. ಐದನೆಯ ದಿನ ಅಪ್ಪ ಮಗುವನ್ನು ಎತ್ತಿಕೊಂಡು ಒಲೆಯ ಸುತ್ತ ನಡೆದರೆ ಅದು ಆ ಮನೆಯ ಮಗು. ನಡೆಯದಿದ್ದರೆ ಮಡಕೆಯಲ್ಲಿಟ್ಟು ಊರಾಚೆ ಬಿಟ್ಟು ಬರುತ್ತಾರೆ.

ಆ ದಿನ ನೆಂಟರು ಆಕ್ಟೋಪಸ್ಸು, ಚೀಸು ಹಿಡಿದುಕೊಂಡು ಬಂದರು. ಫೈಡಿಮ ಮಗುವಿಗೆ ಸುತ್ತಿದ್ದ ಬಟ್ಟೆ ಬಿಡಿಸಿ ಪಾದ ನೋಡಿದ.

"ಅತ್ತೆ, ಆಳಿಗೆ ಮಡಕೆ ತರೋಕೆ ಹೇಳಿದ್ದೀನಿ. ದೇವರ ವಂಶದಲ್ಲಿ ಇಂಥದ್ದು ಹುಟ್ಟಿದೆ ಅಂದ್ರೆ ಜನ ಏನಂತಾರೆ?"

ಒಳಗೆ ಲಿಸಿಲ್ಲಾ ಅಳುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇಂಥವನ ಕಾಲು ಹಿಡಿದರೆ ಇನ್ನಷ್ಟು ಉಬ್ಬುತ್ತಾನೆಂದು ಗೊತ್ತಿತ್ತು. ನೆಂಟರಿಗೆಲ್ಲ ಕೇಳುವಂತೆ ಗಂಟಲು ಏರಿಸಿದೆ.

"ಅಳಿಯಂದ್ರೇ, ನಿಮ್ಮ ಮೂಲಪುರುಷ ಹೆಫೆಸ್ಟಸ್ ಹೆಂಗೆ ನಡೀತಾನೆ, ಸ್ವಲ್ಪ ಹೇಳಿ."

"ಅದು... ಕುಂಟ್ಕೊಂಡು."

"ಹೌದಾ. ನಿಮ್ಮಪ್ಪ ಕುಂಟ್ತಿದ್ರಾ? ನಿಮ್ಮ ತಾತ?"

"ಇಲ್ಲ."

"ನೀವೂ ಚೆನ್ನಾಗೇ ನಡೀತೀರಿ. ಅದಕ್ಕೇ ಊರಲ್ಲಿ ಆಡ್ಕೊಳ್ತಾರೆ, ಈ ವಂಶ ಎಲ್ಲಾ ಬರೀ ಬಾಯಲ್ಲಿ ಕಟ್ಟಿದ್ದು ಅಂತ. ಈಗ ಆ ದೇವರೇ ಗುರುತು ಹಾಕಿ ಕಳಿಸಿದ್ದಾನೆ, ನೀವು ಅದನ್ನ ಮಡಕೇಲಿ ಹಾಕ್ತಿದ್ದೀರಿ. ಹಾಕಿ, ನನಗೇನು. ಹೇರಾನೂ ಹಿಂಗೇ ಕುಂಟ ಅಂತ ಅವನನ್ನ ಎಸೆದಳು. ಆಮೇಲೆ ಅವನು ಮಾಡಿಕೊಟ್ಟ ಚಿನ್ನದ ಪೀಠದ ಮೇಲೆ ಕೂತು ಏಳಕ್ಕಾಗದೆ ಒದ್ದಾಡಿದಳು."

ಮುದಿ ನೆಂಟನೊಬ್ಬ ಚೀಸು ಅಗಿಯುವುದನ್ನು ನಿಲ್ಲಿಸಿದ. "ಹೌದಲ್ಲೋ ಫೈಡಿಮ, ಬೇರೆ ಯಾರ ಮನೇಲಿದೆ ಇಂಥ ಸಾಕ್ಷಿ?"

ಫೈಡಿಮನ ಮುಖ ಅರಳಿತು. ಮಗುವನ್ನು ಎತ್ತಿಕೊಂಡು, ಆ ಪಾದ ಎಲ್ಲರಿಗೂ ಕಾಣುವಂತೆ ಹಿಡಿದು, ಶೂನ್ಯದಿಂದ ಶುರುಮಾಡಿ ವಂಶಾವಳಿ ಹೇಳುತ್ತಾ ಒಲೆಯ ಸುತ್ತ ನಡೆದ. ನಾನು ಜೀವಮಾನದಲ್ಲಿ ಮೊದಲ ಸಲ ಅದನ್ನು ಕೊನೆಯವರೆಗೂ ಕೇಳಿಸಿಕೊಂಡೆ. ಮುಗಿದ ತಕ್ಷಣ ಲಿಸಿಲ್ಲಾ ಓಡಿಬಂದು ಮಗುವನ್ನು ಕಿತ್ತುಕೊಂಡಳು.

ಅಂದಿನಿಂದ ನಾನು ದಿನಾ ಎಣ್ಣೆ ಹಚ್ಚಿ, ಪಾದ ನೀವಿ, ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿದೆ. ಫೈಡಿಮ ವಂಶದ ಗುರುತನ್ನು ಸಂತೆಯಲ್ಲೆಲ್ಲ ಸಾರಿಕೊಂಡು ತಿರುಗಿದ. "ಮಗಳಿಗೆ ಬಂದಿದ್ದು ನಿನಗ್ಯಾಕೆ ಬರಲಿಲ್ಲ" ಎಂದು ಯಾರೋ ಕೇಳಿದರಂತೆ. ಮಾರನೆಯ ದಿನದಿಂದ ಕೋಲೂರಿ ನಡೆಯತೊಡಗಿದ.

ಮೊಮ್ಮಗಳು ಈಗ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಾಳೆ. ಅವಳಪ್ಪ ಹಿಂದಿನಿಂದ ಕುಂಟುತ್ತಾ ಬರುತ್ತಾನೆ.