ಹಸೆ ಹಾಡಿನಲ್ಲಿ ಬಿಟ್ಟ ಜಾಗ

ಪದಗಳ ನಡುವಿನ ಖಾಲಿ ಜಾಗವೂ ಒಂದು ಕಥೆಯೇ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಆದರೂ ಹೇಳಲು ಹೊರಟಿದ್ದಕ್ಕೆ ಓದುವವರು ಮನ್ನಿಸಬೇಕು.

ಶಾಮಲಾ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಹಸ್ತಪ್ರತಿಗಳನ್ನು ಅಚ್ಚಿಗೆ ಸಿದ್ಧಮಾಡುವವಳು. ತೂಬಗೆರೆಯ ಅಜ್ಜಿ ನರಸಮ್ಮ ತಾನು ಮದುವೆಗಳಲ್ಲಿ ಹೇಳುತ್ತಿದ್ದ ಹಸೆ ಹಾಡುಗಳ ನೋಟ್‌ಬುಕ್ ತಂದುಕೊಟ್ಟಾಗ, ಪ್ರತಿ ಸಾಲನ್ನೂ ಎರಡೆರಡು ಸಲ ಓದಿ ಟೈಪ್ ಮಾಡಿದಳು. ಅಜ್ಜಿಯ ಬರಹದಲ್ಲಿ ಅಲ್ಲಲ್ಲಿ ಎರಡು ಬೆರಳಗಲ ಜಾಗ ಬಿಟ್ಟಿತ್ತು. ಅದನ್ನೂ ಹಾಗೆಯೇ ಇಟ್ಟಳು. ಆಮೇಲೆ ಮುದ್ರಣಾಲಯದವರ ಸೂಚನೆ ಕಣ್ಣಿಗೆ ಬಿತ್ತು: ಪದಗಳ ನಡುವೆ ಒಂದೇ ಸ್ಪೇಸ್, ಹೆಚ್ಚಿದ್ದರೆ ತೆಗೆಯಿರಿ. ಹಿಂದೊಮ್ಮೆ ಇದೇ ಕಾರಣಕ್ಕೆ ಫೈಲ್ ವಾಪಸ್ ಬಂದು ಬೈಸಿಕೊಂಡಿದ್ದಳು. ವಯಸ್ಸಾದ ಕೈ, ಪೆನ್ನು ಜಾರಿರಬೇಕು ಅಂದುಕೊಂಡು ಇಡೀ ಪುಸ್ತಕದ ಹೆಚ್ಚುವರಿ ಜಾಗವನ್ನು ಒಮ್ಮೆಗೇ ಅಳಿಸಿ ಸೇವ್ ಮಾಡಿದಳು. ನೋಟ್‌ಬುಕ್ ಹಿಂದಿರುಗಿಸಿದಳು.

ಕರಡು ನೋಡಲು ನರಸಮ್ಮ ಬರಲಿಲ್ಲ. ಆಕೆ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಸೊಸೆ ಮುನಿರತ್ನಮ್ಮ ಬಂದಳು.

"ಏನವ್ವಾ ಇದು, ಮದುವಣಗಿತ್ತಿ ಹೆಸ್ರನ್ನೇ ನುಂಗ್ಬಿಟ್ಟೈತಲ್ಲ ನಿನ್ ಕಂಪ್ಯೂಟ್ರು!"

"ಹೆಸರು ಬರ್ದಿರ್ಲಿಲ್ಲ ಅಕ್ಕಾ."

"ಹೆಂಗ್ ಬರೀತಾರೆ? ಯಾರ್ ಮದ್ವೆಯೋ ಅವಳ ಹೆಸ್ರು ಹೇಳೋದು. ಅದಕ್ಕೇ ನಮ್ಮತ್ತೆ ಜಾಗ ಬಿಟ್ಟಿದ್ದು. ಮುಂದಿನ್ ತಿಂಗ್ಳು ನನ್ ಮಗ್ಳು ಹರ್ಷಿತನ್ ಮದ್ವೆ. ಎಲ್ಲಿ ಅಂತ ಕರೆಯೋದು ಅವಳ್ನ?"

"ಎದ್ದು ಬಾರೆ ಹಸೆಮಣೆಗೆ" ಎಂಬ ಸಾಲು ಹೆಸರಿಲ್ಲದೆಯೂ ಪೂರ್ತಿಯಾಗಿಯೇ ಕಾಣುತ್ತಿತ್ತು. ಶಾಮಲಾ ಅದನ್ನು ಮತ್ತೊಮ್ಮೆ ಓದಿದಳು.

"ಒಂದು ಮಾತು ಕೇಳ್ಬೇಕಿತ್ತು ನಾನು. ನೋಟ್‌ಬುಕ್ ತಂದ್ಕೊಡಿ ಅಕ್ಕಾ, ಒಂದೇ ದಿನದಲ್ಲಿ ಸರಿ ಮಾಡ್ತೀನಿ."

"ಎಲ್ಲಿಂದ ತರ್ಲವ್ವ? ಅಚ್ಚಾಗಿ ಪುಸ್ತಕ ಹೆಂಗೂ ಬತ್ತದಲ್ಲ ಅಂತ, ಮಣ್ಣು ಮಾಡೋವಾಗ ಅವರ ಎದೆ ಮೇಲೇ ಇಟ್ಬಿಟ್ವಿ."

ಆಮೇಲೆ ಮುನಿರತ್ನಮ್ಮ ಕರಡು ಹಿಡಿದು ಮೆಲ್ಲಗೆ ಹಾಡತೊಡಗಿದಳು. ಹೆಸರಿಗಾಗಿ ದನಿ ತಾನಾಗಿ ತಡೆದು ನಿಂತ ಕಡೆ ಶಾಮಲಾ ಕೆಂಪು ಗುರುತು ಹಾಕಿದಳು. ಕೆಲವು ಹಾಡುಗಳ ಧಾಟಿಯೇ ಮುನಿರತ್ನಮ್ಮನಿಗೆ ಬರುತ್ತಿರಲಿಲ್ಲ.

"ಹಾಡೋಕೆ ಅತ್ತೆ ಇದಾರಲ್ಲ, ನಾನ್ಯಾಕೆ ಕಲೀಲಿ ಅಂತಿದ್ದೆ," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸಂಜೆಯ ಹೊತ್ತಿಗೆ ಹತ್ತೊಂಬತ್ತು ಜಾಗ ಸಿಕ್ಕವು. ಅಷ್ಟನ್ನೇ ತೆರೆದು, ಈ ಜಾಗ ತೆಗೆಯಬೇಡಿ ಎಂದು ಬರೆದು ಶಾಮಲಾ ಫೈಲ್ ಕಳಿಸಿದಳು. ಅಳಿಸಿದ್ದು ಒಟ್ಟು ಎಷ್ಟು, ಉಳಿದವು ಯಾವ ಯಾವ ಹಾಡಿನಲ್ಲಿದ್ದವು ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.