ಎಲೆ ಖಾಲಿಯಾದ ಭಾನುವಾರ

ನಾಯಿಮರಿಗೆ ಹುಷಾರಿಲ್ಲವೆಂದು ಆಫೀಸಿಗೆ ರಜೆ ಹಾಕಿದವರು ರಾಜಧಾನಿಯ ಲೋಧಿ ಕಾಲೋನಿಯ ಆ ಬ್ಲಾಕಿನಲ್ಲಿ ಮಾಚಮ್ಮ ಒಬ್ಬರೇ ಇರಬೇಕು. ಹಾಕದೆ ಇನ್ನೇನು ಮಾಡಿಯಾರು? ಆ ಸರ್ಕಾರಿ ಮನೆಯಲ್ಲಿ ಅವರ ಕಾಲಿಗೆ ತೊಡರುವ ಜೀವ ಅಂತ ಇದ್ದದ್ದು ಅದೊಂದೇ. ಗಂಡ ಸುಬೇದಾರ್ ಉತ್ತಪ್ಪ ತೀರಿಕೊಂಡು ಎರಡು ವರ್ಷ. ಮಕ್ಕಳಿಲ್ಲ. ಹಿಂದಿನ ಗಲ್ಲಿಯಲ್ಲಿ ಸಿಕ್ಕ ಈ ಮರಿ ಕರಿಯನಿಗೆ ಈಗ ಎರಡೂವರೆ ತಿಂಗಳು.

ಭಾನುವಾರ ಸಂಜೆಯಿಂದ ಕರಿಯ ಮೂರು ಸಲ ವಾಂತಿ ಮಾಡಿತ್ತು. ಬೆಳಿಗ್ಗೆ ಹಾಲನ್ನ ಇಟ್ಟರೆ ಮುಖ ತಿರುಗಿಸಿತು. ಮಾಚಮ್ಮ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ದಾರಿಯಲ್ಲಿ ಸಿಕ್ಕ ಎರಡು ಪ್ರಾಣಿ ಆಸ್ಪತ್ರೆಗಳನ್ನು ಬಿಟ್ಟು, ಆಟೊದಲ್ಲಿ ಮಹಂತೇಶ್ ಡಾಕ್ಟರ ಹತ್ತಿರ ಬಂದರು. ಇಪ್ಪತ್ತೆಂಟು ವರ್ಷ ಹಿಂದಿಯಲ್ಲಿ ಫೈಲು ನಡೆಸಿದ ಹೆಂಗಸಿಗೆ ಸಂಕಟ ಬಂದರೆ ಮಾತ್ರ ಕನ್ನಡವೇ ಬೇಕು.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಮರಿಗಳಿಗೆ ಬರುವ ಪಾರ್ವೊ ರೋಗ ಇರಬಹುದೆಂದು ಪರೀಕ್ಷೆ ಮಾಡಿದರು, ಇರಲಿಲ್ಲ. ಏನು ತಿಂದಿತ್ತು ಎಂದು ಕೇಳಿದರು.

ಹಾಲನ್ನ ಅಂದರು ಮಾಚಮ್ಮ. ಹಸಿ ಸುಳ್ಳು!

ಭಾನುವಾರ ಅವರು ಉತ್ತಪ್ಪನವರಿಗೆ ಎಡೆ ಇಟ್ಟಿದ್ದರು. ಐಎನ್‌ಎ ಮಾರ್ಕೆಟ್ಟಿನಿಂದ ಹಂದಿಮಾಂಸ ತಂದು, ಊರಿಂದ ಬಂದ ಕಾಚಂಪುಳಿಯ ಹುಳಿ ಹಾಕಿ ಪಂದಿಕರಿ, ಜೊತೆಗೆ ಅಕ್ಕಿತರಿಯ ಉಂಡೆ ಕಡಂಬುಟ್ಟು, ಬಟ್ಟಲಲ್ಲಿ ಬ್ರಾಂದಿ. ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಬಾಳೆಲೆ ಹಾಸಿ ಬಡಿಸಿ, ಊರಲ್ಲಿ ಅತ್ತೆ ಮಾಡುವ ಹಾಗೆ ಬಾಗಿಲು ಎಳೆದುಕೊಂಡು ಹೊರಗೆ ಕೂತರು. ಸತ್ತವರು ನಿಶ್ಚಿಂತೆಯಿಂದ ಉಣ್ಣಬೇಕಲ್ಲ. ಅರ್ಧ ಗಂಟೆ ಬಿಟ್ಟು ತೆರೆದರೆ ಎಲೆ ಖಾಲಿ, ಬಟ್ಟಲೂ ಖಾಲಿ. ಮಾಚಮ್ಮ ಅಲ್ಲೇ ಕುಸಿದು ಕೂತು ಹೊಟ್ಟೆ ತುಂಬ ಅತ್ತರು. ಅಷ್ಟು ಸಂತೋಷ ಅವರಿಗೆ ಎರಡು ವರ್ಷದಲ್ಲಿ ಆಗಿರಲಿಲ್ಲ. ತಡೆಯಲಾರದೆ ವಿರಾಜಪೇಟೆಯಲ್ಲಿದ್ದ ನಾದಿನಿ ಲೀಲಮ್ಮನಿಗೆ ಫೋನು ಮಾಡಿ, ನಿಮ್ಮಣ್ಣ ಬಂದಿದ್ದರು ಅಂದೇಬಿಟ್ಟರು. ಕರಿಯ ಅದೇ ಕೋಣೆಯ ಮಂಚದಡಿ ಸತ್ತ ಹಾಗೆ ಮಲಗಿತ್ತು. ಮರಿ ಅಂದಮೇಲೆ ಮಲಗುತ್ತದೆ ಎಂದುಕೊಂಡರು.

ಸಂಜೆಯ ವಾಂತಿಯಲ್ಲಿ ಮಾಂಸದ ಚೂರುಗಳಿದ್ದವು. ಮಾಚಮ್ಮ ಲೈಟು ಹಾಕದೆಯೇ ಅದನ್ನು ಒರೆಸಿ ಎಸೆದಿದ್ದರು. ನೋಡದಿದ್ದರೆ ಆಗಿಲ್ಲ ಅಂತಲೇ? ಪಾಪ, ಹಾಗೇ ಅಂದುಕೊಂಡಿದ್ದರು.

ಡಾಕ್ಟರು ಮತ್ತೆ ಕೇಳಿದರು. “ಅಮ್ಮಾ, ಇದು ಏನೋ ತಿಂದಿದೆ. ಏನಂತ ಹೇಳಿದರೆ ಉಳಿಸೋಕೆ ನೋಡ್ತೀನಿ. ಇಷ್ಟು ಸಣ್ಣ ಜೀವ, ಸಂಜೆ ತನಕ ತಡೆಯಲ್ಲ.”

ಕರಿಯ ತಲೆ ಎತ್ತಲು ನೋಡಿತು, ಆಗಲಿಲ್ಲ. ಮಾಚಮ್ಮ ಅದರ ತಲೆಗೆ ಅಂಗೈ ಆನಿಸಿದರು.

“ಹಂದಿಮಾಂಸ,” ಅಂದರು. “ಬ್ರಾಂದಿಯೂ ಕುಡಿದಿದೆ. ನಮ್ಮ ಯಜಮಾನರಿಗೆ ಇಟ್ಟಿದ್ದೆ ಡಾಕ್ಟ್ರೇ. ಅವರು ಬರಲಿಲ್ಲ.”

ಡಾಕ್ಟರು ಸೂಜಿ ತುಂಬಿದರು. ಗ್ಲೂಕೋಸ್ ಹನಿಹನಿಯಾಗಿ ಇಳಿಯುತ್ತಾ ಮಧ್ಯಾಹ್ನವಾಯಿತು. ಕರಿಯ ಕಣ್ಣು ಬಿಟ್ಟು ಬಾಲದ ತುದಿ ಆಡಿಸಿತು. ಬದುಕಿತು ಬಿಡಿ ಅಂದರು ಡಾಕ್ಟರು, ನಾಳೆ ತಿಳಿಗಂಜಿ ಚಮಚದಲ್ಲಿ ಕೊಡಬೇಕೆಂದರು.

ಮಾಚಮ್ಮ ಮನೆಗೆ ಬಂದು ಬೀಗ ತೆಗೆಯುವಷ್ಟರಲ್ಲಿ ಲೀಲಮ್ಮನ ಫೋನು. ಅವಳ ದನಿ ಉಕ್ಕುತ್ತಿತ್ತು. ಎರಡು ವರ್ಷದಿಂದ ಅರೆಹೊಟ್ಟೆ ಉಣ್ಣುತ್ತಿದ್ದ ಮುದುಕಿ ಅವ್ವ, ಮಗ ಬಂದು ಉಂಡ ಸುದ್ದಿ ಕೇಳಿ ಇವತ್ತು ಎರಡು ಸಲ ಅನ್ನ ಹಾಕಿಸಿಕೊಂಡಳಂತೆ.

“ಅವ್ವ ಕೇಳ್ತಿದ್ದಾಳೆ ಅತ್ತಿಗೆ, ಅಣ್ಣ ಎಲ್ಲಾ ಉಂಡನಾ?”

ಮಾಚಮ್ಮ ಟವೆಲಿನೊಳಗಿನ ಮರಿಯನ್ನು ಎದೆಗೆ ಒತ್ತಿಕೊಂಡರು. ಮೂಲೆಯ ನೆಲವನ್ನು ಬೆಳಿಗ್ಗೆಯೇ ಒರೆಸಿಯಾಗಿತ್ತು.

“ಉಂಡರು ಅನ್ನು,” ಅಂದರು. “ಒಂದಗುಳೂ ಬಿಡಲಿಲ್ಲ ಅಂತ ಹೇಳು.”